ಮಾಡಿನ ಇಳಿಜಾರು, ಸೈಟಿನ ಇಳಿಜಾರು: ಮನೆ ಮಾಡೆಲ್ ಮಾಡಲು ಮೊದಲು ಯಾವ ಸಾಫ್ಟ್‌ವೇರ್ ಕಲಿಯಬೇಕು?

ಕೊಡಗಿನ ಗೋಣಿಕೊಪ್ಪದಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮಹಡಿಯಲ್ಲಿ ನನ್ನ ಡ್ರಾಯಿಂಗ್ ಆಫೀಸು. ಆಫೀಸು ಅಂದರೆ ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಮಳೆಗಾಲದಲ್ಲಿ ಬೂಷ್ಟು ಹಿಡಿಯುವ ಒಂದು ಕಪಾಟು, ಅಷ್ಟೆ. ಸಿವಿಲ್ ಡಿಪ್ಲೊಮಾ ಮುಗಿಸಿದ ಮಕ್ಕಳು ವರ್ಷಕ್ಕೆ ನಾಲ್ಕೈದು ಮಂದಿ ಮೆಟ್ಟಿಲು ಹತ್ತಿ ಬಂದು ಕೇಳುವುದು ಒಂದೇ ಪ್ರಶ್ನೆ: "ಅಕ್ಕ, ಸ್ಕೆಚ್‌ಅಪ್ ಕಲೀಲಾ, ರೆವಿಟ್ ಕಲೀಲಾ?"

ಎರಡೂ ಕಂಪ್ಯೂಟರಿನಲ್ಲಿ ಮನೆಯ 3ಡಿ ಮಾಡೆಲ್ ಕಟ್ಟುವ ಸಾಫ್ಟ್‌ವೇರುಗಳು. ಯೂಟ್ಯೂಬಿನಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವವರು ಬೇಕಾದಷ್ಟಿದ್ದಾರೆ. ಆದರೆ ಅವರು ಕಟ್ಟಿ ತೋರಿಸುವುದು ಸಾಮಾನ್ಯವಾಗಿ ಸಮತಟ್ಟಾದ ಸೈಟು, ಅದರ ಮೇಲೆ ಚಪ್ಪಟೆ ತಾರಸಿಯ ಮನೆ. ನಮ್ಮಲ್ಲಿ ಸೈಟೂ ಇಳಿಜಾರು, ಮಾಡೂ (ಮನೆಯ ಚಾವಣಿಯೂ) ಇಳಿಜಾರು. ಆರ್‌ಸಿಸಿ ಹಾಕಿಸಿದವರೂ ಎರಡು ಮಳೆಗಾಲ ನೋಡಿ ಮೇಲೊಂದು ಶೀಟು ಹೊದಿಸುತ್ತಾರೆ. ಕುಶಾಲನಗರದ ಕಡೆ ಸಮತಟ್ಟು ಜಾಗ ಸಿಗುತ್ತದೆ ನಿಜ, ಅಲ್ಲಿ ಹೊಳೆ ನೀರಿನ ಚಿಂತೆ ಬೇರೆ. ಹಾಗಾಗಿ ನಾನು ಸಾಫ್ಟ್‌ವೇರುಗಳನ್ನು ಹೋಲಿಸುವುದು ಈ ಎರಡು ಇಳಿಜಾರುಗಳನ್ನು ಹಿಡಿದೇ. ಮಿಕ್ಕ ವಿಷಯಗಳಲ್ಲಿ ಎಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಗೋಡೆ ಎಬ್ಬಿಸುತ್ತವೆ, ಕಿಟಕಿ ಕೂರಿಸುತ್ತವೆ.

ಪರೀಕ್ಷೆಯ ಮನೆ

ಹೊಸಬರಿಗೆಲ್ಲ ನಾನು ಕೊಡುವುದು ಒಂದೇ ಮನೆ. ಅಗಲ 30 ಅಡಿ, ಉದ್ದ 40 ಅಡಿ. ನಾಲ್ಕೂ ಕಡೆ ಇಳಿಯುವ ಹಂಚಿನ ಮಾಡು, ಇಳಿಜಾರು 30 ಡಿಗ್ರಿ, ಸೂರು ಗೋಡೆಯಿಂದ 3 ಅಡಿ ಹೊರಗೆ. ಸೈಟು 40 ಅಡಿ ಉದ್ದಕ್ಕೆ 10 ಅಡಿ ತಗ್ಗುತ್ತದೆ.

ಕಂಪ್ಯೂಟರ್ ಮುಟ್ಟುವ ಮೊದಲು ಕಾಗದದ ಮೇಲೆ ಎರಡು ಲೆಕ್ಕ. ಮನೆಯ ನೆಲ 1,200 ಚದರಡಿ. ಹಂಚು ಎಷ್ಟು ಚದರಡಿಗೆ ಬೇಕು? 1,200 ಎಂದು ಬರೆದವರೇ ಹೆಚ್ಚು. ಸೂರು ಸೇರಿದರೆ ಮಾಡಿನ ಅಳತೆ 36 × 46, ಅಂದರೆ 1,656. ಅದು ಮೇಲಿನಿಂದ ನೋಡಿದ ಅಳತೆ. 30 ಡಿಗ್ರಿಯ ಇಳಿಜಾರಿನಲ್ಲಿ ಪ್ರತಿ 100 ಚದರಡಿ ಸುಮಾರು 115 ಆಗುತ್ತದೆ. ಲೆಕ್ಕ ಬಂದು ನಿಲ್ಲುವುದು 1,912ಕ್ಕೆ. ನೆಲ ಅಳೆದು ಹಂಚು ತರಿಸಿ, ಅರ್ಧ ಮಾಡಿಗೆ ಟಾರ್ಪಾಲು ಕಟ್ಟಿಕೊಂಡು ಮುಂದಿನ ಲೋಡಿಗೆ ಕಾದು ಕೂತವರನ್ನು ನಾನು ನೋಡಿದ್ದೇನೆ.

ಎರಡನೆಯದು ಮಣ್ಣಿನ ಲೆಕ್ಕ. ಇಡೀ ಮನೆಯನ್ನು ತಗ್ಗಿನ ಮಟ್ಟಕ್ಕೇ ಕೂರಿಸಬೇಕೆಂದು ಪೂರ್ತಿ ಅಗೆದರೆ ಹಿಂದುಗಡೆ 10 ಅಡಿ ಎತ್ತರದ ಬರೆ, ಅಂದರೆ ಕಡಿದ ಮಣ್ಣಿನ ಗೋಡೆ, ಏಳುತ್ತದೆ, ಅಗೆದ ಮಣ್ಣು 6,000 ಘನ ಅಡಿ. ಅದೇ ಮನೆಯನ್ನು ನಡುಮಟ್ಟಕ್ಕೆ ತಂದು, ಹಿಂದೆ 5 ಅಡಿ ಮಾತ್ರ ಅಗೆದು, ಮುಂದಿನ ಅರ್ಧವನ್ನು ಕಂಬದ ಮೇಲೋ ಎತ್ತರದ ಪಾಯದ ಮೇಲೋ ನಿಲ್ಲಿಸಿದರೆ ಅಗೆತ 1,500 ಘನ ಅಡಿ. ಬರೆ ಅರ್ಧವಾಯಿತು, ಮಣ್ಣು ಕಾಲು ಭಾಗವಾಯಿತು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮೇಲೆ ಈ ಲೆಕ್ಕವನ್ನು ಇಂಜಿನಿಯರಿಗಿಂತ ಮೊದಲು ಮನೆಯ ಹಿರಿಯರೇ ಕೇಳುತ್ತಾರೆ: "ಎಷ್ಟು ಅಗೀತೀರಿ? ಆ ಮಣ್ಣು ಎಲ್ಲಿ ಹಾಕ್ತೀರಿ?"

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೆಳಗಿನ ಯಾವ ಸಾಫ್ಟ್‌ವೇರೂ ಆ ಬರೆ ನಿಲ್ಲುತ್ತದೋ ಕುಸಿಯುತ್ತದೋ ಹೇಳುವುದಿಲ್ಲ. ಅವು ತೋರಿಸುವುದು ಆಕಾರ ಮತ್ತು ಅಳತೆ. ಮಣ್ಣಿನ ಗುಣ, ಒಳಗೆ ಹರಿಯುವ ನೀರು, ತಡೆಗೋಡೆಯ ದಪ್ಪ ಇವೆಲ್ಲ ಬೇರೆಯವರ ಕೆಲಸ.

ಸ್ಕೆಚ್‌ಅಪ್: ಒಂದು ಮಧ್ಯಾಹ್ನದಲ್ಲಿ ಕೈಗೆ ಬರುತ್ತದೆ

2000ದಲ್ಲಿ ಬಂದ ಸಾಫ್ಟ್‌ವೇರ್ ಇದು. 2006ರಲ್ಲಿ ಗೂಗಲ್ ಕೊಂಡುಕೊಂಡಿತು, 2012ರಿಂದ ಟ್ರಿಂಬಲ್ ಕೈಯಲ್ಲಿದೆ. ಆಯತ ಬರೆಯಿರಿ, ಪಿ ಒತ್ತಿ ಮೇಲಕ್ಕೆ ಎಳೆಯಿರಿ, ಗೋಡೆ ಎದ್ದಿತು. ಎಸ್ಸೆಸ್ಸೆಲ್ಸಿ ಓದುವ ಹುಡುಗನಿಗೂ ಅರ್ಧ ದಿನ ಸಾಕು.

ಮಾಡು ಎಬ್ಬಿಸಲು ಇದರಲ್ಲೊಂದು ಸೊಗಸಾದ ಉಪಾಯವಿದೆ. 36 × 46ರ ಆಯತ ಬರೆದು, ಅದರ ಉದ್ದದ ಅಂಚಿನ ನಡುವೆ ಒಂದು ಲಂಬಕೋನ ತ್ರಿಕೋನ ನಿಲ್ಲಿಸಬೇಕು: ಅಂಚಿನಿಂದ ಒಳಗೆ 18 ಅಡಿ, ಅಲ್ಲಿಂದ ಮೇಲಕ್ಕೆ 10 ಅಡಿ 5 ಅಂಗುಲ, ಅಲ್ಲಿಂದ ಓರೆಯಾಗಿ ವಾಪಸು ಅಂಚಿಗೆ. ಆಮೇಲೆ ಆಯತವನ್ನು ಆರಿಸಿ, ಫಾಲೋ ಮೀ ಉಪಕರಣ ಹಿಡಿದು ತ್ರಿಕೋನದ ಮೇಲೆ ಕ್ಲಿಕ್ ಮಾಡಿ. ನಾಲ್ಕೂ ಕಡೆ ಇಳಿಯುವ ಮಾಡು ತಾನೇ ಮೂಡುತ್ತದೆ. ಹೊಸಬರು ಇದನ್ನು ಮೊದಲ ಸಲ ಮಾಡಿದಾಗ ಅವರ ಮುಖ ನೋಡಬೇಕು.

ಇನ್ನೂ ಚೆಂದವೆಂದರೆ ಕೊಡವ ಕುಟುಂಬದ ಮೂಲಮನೆಯಾದ, ಒಳ ಅಂಗಳವಿರುವ ಹಳೆಯ ಐನ್‌ಮನೆಯ ಮಾಡು. ಹೊರಗೂ ಇಳಿಯಬೇಕು, ಅಂಗಳದ ಕಡೆಗೂ ಇಳಿಯಬೇಕು, ಅಂಗಳದ ನಾಲ್ಕು ಮೂಲೆಯಲ್ಲಿ ಎರಡೆರಡು ಮಾಡು ಕೂಡಿ ನೀರು ಹರಿಯುವ ಒಳಮೂಲೆ ಆಗಬೇಕು. ಕಾಗದದ ಮೇಲೆ ತಲೆ ತಿನ್ನುವ ಆಕಾರ. ಸ್ಕೆಚ್‌ಅಪ್‌ನಲ್ಲಿ ಎರಡೂ ಕಡೆ ಇಳಿಯುವ ಒಂದು ತ್ರಿಕೋನವನ್ನು ಅಂಗಳದ ಸುತ್ತ ಓಡಿಸಿದರೆ ಮುಗಿಯಿತು. ಸುಂಟಿಕೊಪ್ಪದಿಂದ ಬರುತ್ತಿದ್ದ ಹುಡುಗಿಯೊಬ್ಬಳು ತನ್ನ ಅಜ್ಜಿಯ ಕಡೆಯ ಐನ್‌ಮನೆಯನ್ನು ಹೀಗೇ ಮಾಡಿದಳು. ಕೈಯಾಲೆಯ (ಜಗಲಿಯ) ಕಂಬಗಳು, ನಡುವಿನ ಐಮರ (ಕೂರುವ ಮರದ ಹಲಗೆ), ಎಲ್ಲ ಬಂತು. ಲ್ಯಾಪ್‌ಟಾಪನ್ನು ಮನೆಗೆ ಒಯ್ದು ತೋರಿಸಿದರೆ ಅಜ್ಜಿ ಪರದೆಗೆ ಮುಖ ತಂದು ನೋಡಿ, "ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪ ಎಲ್ಲಿ?" ಎಂದರಂತೆ. ಅದು ಮನೆಯ ದೀಪ ತೂಗುವ ನಡುಮನೆ. ಮಾರನೆಯ ದಿನ ಬಂದವಳು ಮೊದಲು ತೂಗುದೀಪ ಮಾಡಿ ಆಮೇಲೆ ಚಹಾ ಕುಡಿದಳು.

ಇಷ್ಟರವರೆಗೆ ಎಲ್ಲ ಚೆಂದ. ತೊಂದರೆ ಶುರುವಾಗುವುದು ಮನೆಯ ಯಜಮಾನರು ಬಂದಾಗ. "ಏ ಮಗಳೇ, ಮಾಡು ಇನ್ನೊಂಚೂರು ಎತ್ತರ ಆಗ್ಲಿ, ಅಟ್ಟದಲ್ಲಿ ಮೆಣಸಿನ ಮೂಟೆ ಇಡ್ಬೇಕು." 30 ಡಿಗ್ರಿ 35 ಆಗಬೇಕು. ನೆತ್ತಿ 10 ಅಡಿ 5 ಅಂಗುಲದಿಂದ 12 ಅಡಿ 7 ಅಂಗುಲಕ್ಕೆ ಏರುತ್ತದೆ, ಹಂಚಿನ ಲೆಕ್ಕ 1,912ರಿಂದ 2,022ಕ್ಕೆ. ಸ್ಕೆಚ್‌ಅಪ್‌ಗೆ ಅದು ಮಾಡು ಎಂದೇ ಗೊತ್ತಿಲ್ಲ, ಅದರ ಪಾಲಿಗೆ ಅವು ಓರೆಯಾಗಿ ನಿಂತ ನಾಲ್ಕು ಹಾಳೆಗಳು. ಹಳೆಯದನ್ನು ಅಳಿಸಿ ಹೊಸ ತ್ರಿಕೋನ ಬರೆಯಬೇಕು, ಅಟ್ಟದ ಗೋಡೆ ಎತ್ತರಿಸಬೇಕು, ಗಾಳಿಕಿಂಡಿ ಸರಿಸಬೇಕು. ಒಂದು ಸಲ ಆದರೆ ಸರಿ. ನಮ್ಮ ಯಜಮಾನರು ಒಂದು ಸಲಕ್ಕೆ ನಿಲ್ಲಿಸುವವರೇ?

ಚದರಡಿ ನೋಡುವಾಗಲೂ ಹುಷಾರು. ಮಾಡಿಗೆ ದಪ್ಪ ಕೊಟ್ಟಿದ್ದರೆ ಮೇಲಿನ ಮುಖ, ಕೆಳಗಿನ ಮುಖ ಎರಡೂ ಎಣಿಕೆಗೆ ಬರುತ್ತವೆ. ಪರದೆ 3,800ರ ಆಸುಪಾಸು ತೋರಿಸಿದರೆ ನೀವು ಹಂಚನ್ನು ಎರಡು ಸಲ ಲೆಕ್ಕ ಹಾಕಿದ್ದೀರಿ ಎಂದರ್ಥ. ಕಾಗದದ ಲೆಕ್ಕ ಮೊದಲು ಮಾಡಿಸುವುದು ಇದಕ್ಕೇ.

ಸೈಟಿನ ಇಳಿಜಾರಿಗೆ ಸ್ಯಾಂಡ್‌ಬಾಕ್ಸ್ ಎಂಬ ಉಪಕರಣಗಳಿವೆ. ಕಾಂಟೂರ್ ಗೆರೆಗಳಿಂದ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳಿಂದ) ನೆಲ ಮಾಡುತ್ತವೆ, ಮನೆಯ ಅಚ್ಚನ್ನು ನೆಲಕ್ಕೆ ಒತ್ತಿ ಕೂರಿಸುತ್ತವೆ. ನೋಡಲು ಚೆನ್ನಾಗಿರುತ್ತದೆ. ಆದರೆ ಆ ನೆಲ ಬಟ್ಟೆ ಹಾಸಿದ ಹಾಗೆ, ಅಡಿಯಲ್ಲಿ ಮಣ್ಣಿಲ್ಲ. ಎಷ್ಟು ಅಗೆದಿರಿ ಎಂದು ಅದನ್ನೇ ನೇರವಾಗಿ ಕೇಳಿದರೆ ಉತ್ತರವಿಲ್ಲ.

ಇನ್ನು ಪುಕ್ಕಟೆ ಆವೃತ್ತಿಯ ಮಾತು. ಸ್ಕೆಚ್‌ಅಪ್ ಫ್ರೀ ಎಂಬುದು ಬ್ರೌಸರಿನಲ್ಲಿ ಓಡುತ್ತದೆ, ಸ್ವಂತ ಕಲಿಕೆಗೆ ಮಾತ್ರ, ದುಡ್ಡು ತಗೊಂಡು ಮಾಡುವ ಕೆಲಸಕ್ಕೆ ಬಳಸುವಂತಿಲ್ಲ. ಊರಿಗೆಲ್ಲ ಇದನ್ನೇ ಮೊದಲು ಹೇಳುತ್ತಾರೆ, ಬೆಂಗಳೂರಿನವರಿಗೆ ಅದು ಸರಿ. ಇಲ್ಲಿ ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳಲ್ಲಿ, ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ತೋಟದ ಮನೆಗಳಿಗೆ ಎರಡು ಮೂರು ದಿನ ಬರುವುದಿಲ್ಲ. ಟವರಿನ ಬ್ಯಾಟರಿ ಮುಗಿದ ಮೇಲೆ ನೆಟ್ ಕೂಡ ಇಲ್ಲ. ತೋಟದಲ್ಲಿ ಕೆಲಸವಿಲ್ಲದೆ ಕೂತು ಕಲಿಯಲು ಪುರುಸೊತ್ತು ಸಿಗುವುದೇ ಆ ದಿನಗಳಲ್ಲಿ, ಆ ದಿನಗಳಲ್ಲೇ ಬ್ರೌಸರ್ ತೆರೆಯುವುದಿಲ್ಲ.

ರೆವಿಟ್: ಮೊದಲ ತಿಂಗಳು ಸಿಟ್ಟು ಬರಿಸುತ್ತದೆ

ಇದೂ 2000ದ ಸುಮಾರಿಗೇ ಬಂದದ್ದು. 2002ರಲ್ಲಿ ಆಟೋಡೆಸ್ಕ್ ಕೊಂಡುಕೊಂಡಿತು. ಇದರ ಜಾತಿಯ ಸಾಫ್ಟ್‌ವೇರಿಗೆ ಬಿಮ್ (ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್) ಎನ್ನುತ್ತಾರೆ. ನಮ್ಮ ಮೇಸ್ತ್ರಿಗಳಿಗೆ ಆ ಹೆಸರು ಹೇಳಿದರೆ ಎಷ್ಟು ಕಬ್ಬಿಣ ಹಾಕೋದು ಎಂದು ಕೇಳುತ್ತಾರೆ. ಅದು ಆ ಬೀಮ್ ಅಲ್ಲ. ಇಲ್ಲಿ ನೀವು ಗೆರೆ ಎಳೆಯುವುದಿಲ್ಲ, ಗೋಡೆಯನ್ನೇ ಎಳೆಯುತ್ತೀರಿ. ಅದು 9 ಇಂಚಿನ ಗೋಡೆ, ಇಂಥ ಮಟ್ಟದಿಂದ ಇಂಥ ಮಟ್ಟದವರೆಗೆ, ಒಳಗೆ ಇಂಥದ್ದು ಹೊರಗೆ ಇಂಥದ್ದು ಎಂದು ಕಂಪ್ಯೂಟರಿಗೆ ಗೊತ್ತಿರುತ್ತದೆ. ಪ್ಲಾನಿನಲ್ಲಿ ಕಿಟಕಿ ಸರಿಸಿದರೆ ಎಲಿವೇಶನ್ (ಹೊರನೋಟ), ಸೆಕ್ಷನ್ (ಸೀಳುನೋಟ), ಕಿಟಕಿಗಳ ಪಟ್ಟಿ ಎಲ್ಲ ಕಡೆ ತಾನಾಗಿ ಸರಿಯುತ್ತದೆ.

ಮಾಡಿನ ಪರೀಕ್ಷೆಯಲ್ಲಿ ಇದು ಪಾಸಾಗುವ ರೀತಿ ನೋಡಬೇಕು. ಮೇಲಿನಿಂದ ಮಾಡಿನ ಅಂಚು ಬರೆಯುತ್ತೀರಿ, ಯಾವ ಅಂಚಿನಿಂದ ಇಳಿಜಾರು ಶುರು ಎಂದು ಗುರುತು ಹಾಕುತ್ತೀರಿ, ಡಿಗ್ರಿ ಕೊಡುತ್ತೀರಿ. ನೆತ್ತಿ, ಮೂಲೆ, ಒಳಮೂಲೆ ಎಲ್ಲವನ್ನೂ ಅದೇ ಲೆಕ್ಕ ಹಾಕುತ್ತದೆ. ಗೋಡೆಗಳನ್ನು ಮಾಡಿಗೆ ಅಂಟಿಸಿಟ್ಟಿದ್ದರೆ, ಮೆಣಸಿನ ಮೂಟೆಯ ಯಜಮಾನರು ಬಂದಾಗ 30 ಇದ್ದಲ್ಲಿ 35 ಬರೆದರೆ ಸಾಕು. ಮಾಡು ಏರುತ್ತದೆ, ಗೋಡೆ ಹಿಂದೆಯೇ ಏರುತ್ತದೆ, ಪಟ್ಟಿಯಲ್ಲಿ 1,912 ಇದ್ದದ್ದು 2,022 ಆಗುತ್ತದೆ. ಸ್ಕೆಚ್‌ಅಪ್‌ನಲ್ಲಿ ಅರ್ಧ ದಿನ ತಿಂದ ಕೆಲಸ, ಇಲ್ಲಿ ಅವರ ಕಾಫಿ ಆರುವುದರೊಳಗೆ ಮುಗಿಯಿತು.

ಸೈಟಿಗೆ ಮೊದಲು ಇದರಲ್ಲೂ ಹಾಳೆಯಂಥ ನೆಲವೇ ಇತ್ತು. 2024ರ ಆವೃತ್ತಿಯಿಂದ ಟೋಪೋಸಾಲಿಡ್ ಬಂದಿದೆ, ಅಂದರೆ ದಪ್ಪವಿರುವ ನೆಲ. ಸರ್ವೆಯವರು ಕೊಟ್ಟ ಕಾಂಟೂರ್ ಫೈಲಿನಿಂದ ನೆಲ ಎಬ್ಬಿಸಿ, ಅದನ್ನು ಕತ್ತರಿಸಿ ಮನೆ ಕೂರಿಸಬಹುದು. ಸೆಕ್ಷನ್ ತೆಗೆದರೆ ಹಿಂದಿನ ಬರೆ, ತಡೆಗೋಡೆ, ಮುಂದಿನ ಪಾಯ ಎಲ್ಲ ಒಂದೇ ಚಿತ್ರದಲ್ಲಿ ಸಿಗುತ್ತದೆ. 10 ಅಡಿಯ ಬರೆಯನ್ನು ಹೀಗೆ ಕಣ್ಣಾರೆ ನೋಡಿದ ಮೇಲೆ ಅರ್ಧಕ್ಕರ್ಧ ಜನ ಪೂರ್ತಿ ಅಗೆಯುವ ಆಸೆ ಬಿಡುತ್ತಾರೆ.

ಹಾಗಾದರೆ ಎಲ್ಲರೂ ರೆವಿಟ್ ಕಲಿಯಲಿ ಎನ್ನಬಹುದಿತ್ತು. ಅಡ್ಡಿಗಳು ಮೂರು.

ಮೊದಲನೆಯದು ಯಂತ್ರ. 16 ಜಿಬಿ ರ‍್ಯಾಮ್ ಇಲ್ಲದೆ ಕೂರಬೇಡಿ, ಡಿಸ್ಕಿನಲ್ಲಿ 30 ಜಿಬಿ ಖಾಲಿ ಇರಬೇಕು. ವಿಂಡೋಸ್ ಮಾತ್ರ, ಮ್ಯಾಕ್‌ನಲ್ಲಿ ನೇರವಾಗಿ ಓಡುವುದಿಲ್ಲ. ಡಿಪ್ಲೊಮಾ ಶುರುವಿನಲ್ಲಿ ಅಪ್ಪ ಕೊಡಿಸಿದ 4 ಜಿಬಿಯ ಲ್ಯಾಪ್‌ಟಾಪ್‌ನಲ್ಲಿ ಇದನ್ನು ತೆರೆದರೆ ಫ್ಯಾನ್ ಶಬ್ದವಷ್ಟೇ ಬರುತ್ತದೆ.

ಎರಡನೆಯದು ದುಡ್ಡು. ಒಂದು ಸಲ ಕೊಟ್ಟು ಶಾಶ್ವತವಾಗಿ ಇಟ್ಟುಕೊಳ್ಳುವ ಲೈಸೆನ್ಸನ್ನು ಆಟೋಡೆಸ್ಕ್ 2016ರಲ್ಲೇ ನಿಲ್ಲಿಸಿತು. ಈಗ ಬಾಡಿಗೆ ಕಟ್ಟುತ್ತಿರಬೇಕು, ನನ್ನಂಥ ಸಣ್ಣ ಆಫೀಸಿಗೆ ಅದು ಭಾರವೇ. ಕಾಲೇಜಿನಲ್ಲಿ ಓದುತ್ತಿರುವವರಿಗೆ ಮಾತ್ರ ಪುಕ್ಕಟೆ ಸಿಗುತ್ತದೆ, ವರ್ಷ ವರ್ಷ ನವೀಕರಿಸಿಕೊಳ್ಳಬೇಕು. ಹಾಗಾಗಿ ಕಾಲೇಜು ಬಿಡುವ ಮೊದಲೇ ಕಲಿತುಬಿಡಿ ಎನ್ನುವುದು ನನ್ನ ಒತ್ತಾಯ. ಬಿಟ್ಟ ಮೇಲೆ "ಕ್ರ್ಯಾಕ್ ಸಿಗುತ್ತಾ ಅಕ್ಕ" ಎಂದು ಕೇಳುತ್ತಾ ಬರಬೇಡಿ. ಒಮ್ಮೆ ಲೈಸೆನ್ಸ್ ಪಡೆದ ಮೇಲೆ ದಿನಾ ನೆಟ್ ಬೇಕಿಲ್ಲ, ಆದರೆ ತಿಂಗಳಿಗೊಮ್ಮೆಯಾದರೂ ಜೋಡಿಸಬೇಕು.

ಮೂರನೆಯದು ನನಗೆ ಪೆಟ್ಟು ಕೊಟ್ಟ ಸಂಗತಿ. ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲು ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲ, ಹಿಂದಿನದಕ್ಕೆ ಇಳಿಸಿ ಉಳಿಸುವ ದಾರಿಯೂ ಇಲ್ಲ. ಒಂದು ಹೋಮ್‌ಸ್ಟೇ ಕೆಲಸದ ನಡುವೆ ಹುಮ್ಮಸ್ಸಿನಲ್ಲಿ ಹೊಸ ಆವೃತ್ತಿಗೆ ಏರಿಸಿಕೊಂಡೆ. ಕಬ್ಬಿಣದ ಲೆಕ್ಕ ಮಾಡುವ ಮೈಸೂರಿನ ಇಂಜಿನಿಯರ್ ಹತ್ತಿರ ಹಿಂದಿನ ವರ್ಷದ್ದಿತ್ತು. ಕೇಳದೆ ಏರಿಸಿದ ತಪ್ಪು ನನ್ನದೇ. ಹಳೆಯ ಬ್ಯಾಕಪ್ ಹುಡುಕಿ ಎರಡು ವಾರದ ಕೆಲಸ ಮತ್ತೆ ಮಾಡಿದೆ. ಐಎಫ್‌ಸಿ ಎಂಬ ಎಲ್ಲರಿಗೂ ಸಾಮಾನ್ಯವಾದ ಫೈಲ್ ರೂಪ ಇದೆ, ಅದರಲ್ಲಿ ಆಕಾರ, ಅಳತೆ ದಾಟಿಸಬಹುದು. ಆದರೆ ಅದರಿಂದ ವಾಪಸು ಬಂದ ಮಾಡಿಗೆ ಡಿಗ್ರಿ ಬದಲಿಸಿ ಏರಿಸುವ ಸುಖ ಇರುವುದಿಲ್ಲ.

ಫ್ರೀಕ್ಯಾಡ್: ತಾಳ್ಮೆ ಇದ್ದವರಿಗೆ

ಇದು ಪೂರ್ತಿ ಪುಕ್ಕಟೆ, ದುಡ್ಡಿನ ಕೆಲಸಕ್ಕೂ ಪುಕ್ಕಟೆ. ಇನ್‌ಸ್ಟಾಲ್ ಮಾಡಿದ ಮೇಲೆ ನೆಟ್ ಬೇಕೇ ಇಲ್ಲ. ಹಳೆಯ ಲ್ಯಾಪ್‌ಟಾಪ್‌ನಲ್ಲೂ ನಮ್ಮ ಪರೀಕ್ಷೆಯ ಮನೆಯಷ್ಟು ಕೆಲಸ ಓಡುತ್ತದೆ. 2002ರಿಂದ ಬೆಳೆಯುತ್ತಾ ಬಂದು 2024ರ ನವೆಂಬರಿನಲ್ಲಿ 1.0 ಆವೃತ್ತಿಗೆ ಮುಟ್ಟಿತು. ಕಟ್ಟಡದ ಕೆಲಸಕ್ಕೆ ಬೇಕಾದ ಬಿಮ್ ವಿಭಾಗ ಅದರೊಳಗೇ ಸೇರಿಕೊಂಡಿದೆ.

ಇದರ ಮಾಡಿಗೂ ಡಿಗ್ರಿ ಗೊತ್ತು. ಪ್ರತಿ ಅಂಚಿಗೂ ಕೋನ ಕೊಟ್ಟರೆ ಸರಳ ಮಾಡು ತಾನೇ ಏಳುತ್ತದೆ, 30 ಇದ್ದದ್ದನ್ನು 35 ಮಾಡಿದರೆ ಏರುತ್ತದೆ. ಆದರೆ ಒಳ ಅಂಗಳದ ಐನ್‌ಮನೆ ಕೊಟ್ಟು ನೋಡಿ, ತುಂಡು ತುಂಡಾಗಿ ಮಾಡಿ ಜೋಡಿಸಬೇಕಾಗುತ್ತದೆ. ಗುಂಡಿಗಳು ಎಲ್ಲೆಲ್ಲೋ ಇವೆ, ಹೆಸರುಗಳು ಗೊಂದಲ, ತಪ್ಪಾದರೆ ಯಾಕೆ ತಪ್ಪಾಯಿತೆಂದು ಕೆಂಪು ಅಕ್ಷರದಲ್ಲಿ ಏನೋ ಬರೆಯುತ್ತದೆ. ಕನ್ನಡದಲ್ಲಿ ಹೇಳಿಕೊಡುವ ವಿಡಿಯೊ ಹುಡುಕಿದರೆ ಕೈಗೆ ಹೆಚ್ಚೇನೂ ಸಿಗುವುದಿಲ್ಲ. ಕೆಲಸಕ್ಕೆ ಅರ್ಜಿ ಹಾಕುವಾಗ ಈ ಹೆಸರು ಬರೆದರೆ ಎದುರಿಗಿದ್ದವರು ಹುಬ್ಬೇರಿಸುವುದೂ ಉಂಟು. ಆದರೂ ನನಗೆ ಇದರ ಮೇಲೊಂದು ಅಕ್ಕರೆ. ಇದರಲ್ಲಿ ಒಂದು ಮನೆ ಮುಗಿಸಿದವರಿಗೆ ಗೋಡೆ, ಮಟ್ಟ, ಮಾಡು ಒಂದಕ್ಕೊಂದು ಹೇಗೆ ಕಟ್ಟಿಕೊಂಡಿರುತ್ತವೆ ಎಂಬುದು ತಲೆಗೆ ಹೋಗಿರುತ್ತದೆ, ಆಮೇಲೆ ರೆವಿಟ್ ಹದಿನೈದು ದಿನದ ಮಾತು.

ಉಳಿದವು

ಆರ್ಕಿಕ್ಯಾಡ್ ಹಂಗೇರಿಯ ಸಾಫ್ಟ್‌ವೇರ್, 1984ರಿಂದ ಇದೆ, ರೆವಿಟ್‌ಗಿಂತ ಹಿರಿಯ. ಮ್ಯಾಕ್ ಇದ್ದವರಿಗೆ ಇದೇ ಸರಿಯಾದ ದಾರಿ. ಮಾಡಿನ ಅಡಿಗೆ ಪಕ್ಕಾಸು ರೀಪುಗಳ ಮರದ ಚೌಕಟ್ಟು ಹೊಂದಿಸಲು ಒಳಗೇ ಉಪಕರಣವಿದೆ, ಹಂಚಿನ ಮನೆ ಮಾಡುವವರಿಗೆ ಬಾಯಲ್ಲಿ ನೀರೂರಿಸುವಂಥದ್ದು. ವಿದ್ಯಾರ್ಥಿಗಳಿಗೆ ಪುಕ್ಕಟೆ. ಆದರೆ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಫೋನ್ ಮಾಡಿ ಕೇಳಲು ನನ್ನ ಬಳಗದಲ್ಲಿ ಇದನ್ನು ಬಳಸುವವರು ಒಬ್ಬರೂ ಇಲ್ಲ. ಒಂಟಿಯಾಗಿ ಕಲಿಯುವವರಿಗೆ ಅದು ಸಣ್ಣ ವಿಷಯವಲ್ಲ.

ಬ್ಲೆಂಡರ್ ಜೊತೆ ಬೊನ್ಸಾಯ್ ಎಂಬ ಸೇರ್ಪಡೆ ಹಾಕಿಕೊಂಡು ಬಿಮ್ ಮಾಡುವವರಿದ್ದಾರೆ. ಪುಕ್ಕಟೆ, ಬಲವಾಗಿದೆ, ಹೊಸಬರಿಗೆ ಬೇಡ.

ಸ್ವಂತ ಮನೆಗೆ ಅಡುಗೆಮನೆ ಎಲ್ಲಿ, ಬಚ್ಚಲು ಎಲ್ಲಿ ಎಂದು ಇಟ್ಟು ನೋಡುವುದಷ್ಟೇ ಬೇಕಾದರೆ ಸ್ವೀಟ್ ಹೋಮ್ 3ಡಿ ಸಾಕು, ಒಂದು ಭಾನುವಾರದಲ್ಲಿ ಬರುತ್ತದೆ. ಮಾಡಿನ ವಿಷಯ ಅದರ ಹತ್ತಿರ ಎತ್ತಬೇಡಿ.

ಆಟೋಕ್ಯಾಡ್ ಈ ಸಾಲಿನ ಹೊರಗಿನದು. 1982ರದ್ದು, ಕೊಡಗಿನ ಡ್ರಾಯಿಂಗ್ ಆಫೀಸುಗಳು ಇವತ್ತಿಗೂ ನಿಂತಿರುವುದು ಅದರ ಮೇಲೆಯೇ. ಸರ್ವೆಯವರ ಕಾಂಟೂರ್ ಬರುವುದು ಅದರ ಫೈಲಿನಲ್ಲಿ, ಪಂಚಾಯಿತಿಗೆ, ನಗರಸಭೆಗೆ ಕೊಡುವ ಪ್ಲಾನು ಬರೆಯುವುದೂ ಹೆಚ್ಚಾಗಿ ಅದರಲ್ಲೇ. ಕೆಳಗಿನದರಲ್ಲಿ ಯಾವುದನ್ನು ಹಿಡಿದರೂ ಇದನ್ನು ತೆರೆದು, ಲೇಯರ್ ನೋಡಿ, ಅಳತೆ ತಿದ್ದುವಷ್ಟಾದರೂ ಬರಬೇಕು.

ಯಾರಿಗೆ ಯಾವುದು

ಇನ್ನೂ ಕಾಲೇಜಿನಲ್ಲಿದ್ದೀರಿ, ಮುಂದೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸ ಹುಡುಕುತ್ತೀರಿ, ಒಳ್ಳೆಯ ಯಂತ್ರವೂ ಇದೆ ಎಂದಾದರೆ ರೆವಿಟ್. ಸ್ಕೆಚ್‌ಅಪ್ ಸುಲಭವೆಂದು ಮೊದಲು ಅದಕ್ಕೆ ಹೋಗಿ ಆರು ತಿಂಗಳು ಕಳೆಯಬೇಡಿ. ಎಳೆದು ಎಬ್ಬಿಸುವ ಅಭ್ಯಾಸ ಕೈಗೆ ಕೂತರೆ ಮಟ್ಟ, ಗೋಡೆ, ಮಾಡು ಎಂದು ಯೋಚಿಸುವುದು ಕಷ್ಟವಾಗುತ್ತದೆ. ಸ್ವಲ್ಪ ಕಟುವಾದ ಅಭಿಪ್ರಾಯ, ಒಪ್ಪದವರಿದ್ದಾರೆ.

ಊರಲ್ಲೇ ಕಾಂಟ್ರಾಕ್ಟು ಮಾಡುವವರಿಗೆ, ಹೋಮ್‌ಸ್ಟೇ ಇಂಟೀರಿಯರ್ ಮಾಡುವವರಿಗೆ, ಯಜಮಾನರಿಗೆ ಚಿತ್ರ ತೋರಿಸಿ ಒಪ್ಪಿಸಬೇಕಾದವರಿಗೆ ಸ್ಕೆಚ್‌ಅಪ್, ಅದೂ ಡೆಸ್ಕ್‌ಟಾಪ್ ಆವೃತ್ತಿ. ಬಾಡಿಗೆ ಕಟ್ಟಬೇಕು, ರೆವಿಟ್‌ಗಿಂತ ಹಗುರ.

ಓದು ಮುಗಿದಿದೆ, ಕೈಯಲ್ಲಿ ಹಳೆಯ ಲ್ಯಾಪ್‌ಟಾಪ್, ಮನೆ ತೋಟದೊಳಗೆ, ದುಡ್ಡು ಹಾಕುವ ಸ್ಥಿತಿಯಿಲ್ಲ ಎಂದಾದರೆ ಫ್ರೀಕ್ಯಾಡ್. ಸುಂಟಿಕೊಪ್ಪದ ಹುಡುಗಿ ಕೊನೆಗೆ ಹಿಡಿದದ್ದು ಇದನ್ನೇ. ಐನ್‌ಮನೆಯ ಒಳಮೂಲೆ ಜೋಡಿಸಲು ಅವಳಿಗೆ ಒಂಬತ್ತು ದಿನ ಹಿಡಿಯಿತು, ನಡುವೆ ಎರಡು ಸಲ ಬಿಟ್ಟೇಬಿಡುತ್ತೇನೆ ಎಂದಳು.

ಯಾವುದೇ ಆಗಲಿ, ಒಂದು ಸಣ್ಣ ಯುಪಿಎಸ್ ಇಟ್ಟುಕೊಳ್ಳಿ, ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಉಳಿಸುವ ಹಾಗೆ ಹೊಂದಿಸಿಡಿ. ರೆವಿಟ್‌ನಂಥ ದೊಡ್ಡ ಫೈಲುಗಳನ್ನು ಇಳಿಸಿಕೊಳ್ಳುವುದಿದ್ದರೆ ಮೇ ತಿಂಗಳೊಳಗೇ ಇಳಿಸಿಕೊಳ್ಳಿ. ಜೂನ್ ಹಿಡಿದ ಮೇಲೆ ಅದು ಎಷ್ಟು ಸಲ ಅರ್ಧಕ್ಕೆ ನಿಲ್ಲುತ್ತದೆ ಎಂದು ಹೇಳಲಾಗದು.